ಇಸ್ಕಾಫಿ ಪೊಡಿಯಬ್ಬ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸೌದಿಯ ರಾಸ್ ತನೂರಾದಲ್ಲಿ ಪೊಡಿಯಬ್ಬ ಚಪ್ಪಲಿ ಹೊಲಿಯುವವನಾದ.

ಹತ್ತು ಗಂಟೆ ಹನ್ನೊಂದು ನಿಮಿಷದವರೆಗೆ ಅವನು ತೈಲ ರಿಫೈನರಿಗೆ ಬೋಲ್ಟು, ನಟ್ಟು ಮೊದಲಾದ ಸಾಮಾನು ಒದಗಿಸುವ ಒಂದು ಗುತ್ತಿಗೆ ಕಂಪನಿಯಲ್ಲಿ ಉಗ್ರಾಣದ ಮೇಲ್ವಿಚಾರಕನಾಗಿದ್ದ. ಹನ್ನೊಂದು ವರ್ಷದ ಅನುಭವ. ಊರು ಫರಂಗಿಪೇಟೆ. ಪ್ರಾಯ ನಲವತ್ತಮೂರು. ಚಪ್ಪಲಿ ಹೊಲಿಯುವುದು ಹೋಗಲಿ, ಅಂಗಿಯ ಗುಂಡಿ ಕಿತ್ತುಹೋದರೆ ಅವನು ಆ ಜಾಗಕ್ಕೆ ಸ್ಟೇಪ್ಲರ್ ಹೊಡೆದುಕೊಳ್ಳುತ್ತಿದ್ದ. ಆದ್ದರಿಂದ ಈ ಬದಲಾವಣೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ಕಾರಣ ಬ್ಲ್ಯಾಕ್‌ಬೆರಿ.

ಕಂಪನಿಯಲ್ಲಿ ವರ್ಷಕ್ಕೊಮ್ಮೆ, ಒಂದು ಗುರುವಾರ, ಫುಡ್ ಡೇ ನಡೆಯುತ್ತದೆ. ಇಷ್ಟವಿದ್ದವರು ಮನೆಯಲ್ಲೇ ಮಾಡಿದ ಒಂದು ತಿನಿಸು ತರಬೇಕು. ಕಳೆದ ವರ್ಷ ಪೊಡಿಯಬ್ಬ ಗೋಳಿಬಜೆ ತಂದಿದ್ದ. ಎಂಟು ದೇಶಗಳ ಜನ ಅದನ್ನು ಅರಬರ ಕಡಲೆವಡೆ ಫಲಾಫೆಲ್ ಎಂದು ತಿಳಿದು ಬಾಯಿಗೆ ಹಾಕಿ, ಅಲ್ಲವೆಂದು ಗೊತ್ತಾಗಿ ಬೇಸರಪಟ್ಟಿದ್ದರು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಲೆಕ್ಕಪತ್ರ ವಿಭಾಗದ ಗುರುದತ್, ಮೈಸೂರಿನವನು, ಹೆಂಡತಿ ಮಾಡಿಕೊಟ್ಟ ಚೀಸ್‌ಕೇಕ್ ಇಟ್ಟು ಮೊದಲ ಬಹುಮಾನ ಹೊಡೆದಿದ್ದ. ಅವನ ಫೋಟೋ ನೋಟಿಸ್ ಬೋರ್ಡಿನಲ್ಲಿ ವರ್ಷವಿಡೀ ಇತ್ತು. ಪೊಡಿಯಬ್ಬ ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗಬೇಕಾಗಿತ್ತು, ಏಕೆಂದರೆ ಶೌಚಾಲಯ ಆ ಕಡೆಗಿತ್ತು.

ಈ ವರ್ಷ ಫುಡ್ ಡೇಗೆ ಒಂಬತ್ತು ದಿನ ಇರುವಾಗ ಗುರುದತ್ ಆ ದಾರಿಯಲ್ಲೇ ಎದುರಾದ.

"ಏನ್ ಪೊಡಿಯಬ್ಬನೋರೇ, ಈ ಸಲಾನೂ ಬೋಂಡಾನೇನಾ?"

"ಅಲ್ಲ," ಎಂದ ಪೊಡಿಯಬ್ಬ. ಏನು ಎಂದು ಅವನಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಹನ್ನೊಂದು ಸೆಕೆಂಡು ನೋಡಿದ್ದ, ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸುವ ಒಂದು ಸಿಹಿಯ ವೀಡಿಯೋ ನೆನಪಾಯಿತು. "ಬ್ಲ್ಯಾಕ್‌ಬೆರಿ ಕಾಬ್ಲರ್."

ಗುರುದತ್‌ನ ಹುಬ್ಬು ಮೇಲೇರಿತು. "ಮನೇಲೇ ಮಾಡ್ತೀರಾ?"

"ಮತ್ತೆಂತ? ಅಂಗಡಿಯಿಂದ ಕಟ್ಟಿಸಿಕೊಂಡು ಬರ್ಲಿಕ್ಕೆ ಅದೆಂತ ಬಿಸ್ಕೀಟಾ?"

ಪೊಡಿಯಬ್ಬ ಅಂದಿನವರೆಗೆ ಬ್ಲ್ಯಾಕ್‌ಬೆರಿಯನ್ನು ಫೋನಿನ ರೂಪದಲ್ಲಿ ಮಾತ್ರ ಕಂಡಿದ್ದ. ಅದು ಹಣ್ಣೂ ಹೌದೆಂದು ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಅವನಿಗೆ ತಿಳಿಸಿಕೊಟ್ಟಿತು. ನಾಲ್ಕು ಪೊಟ್ಟಣ ಹಣ್ಣು, ಎರಡು ಕಿಲೋ ಮೈದಾ, ಬೆಣ್ಣೆ, ಒಂದು ಪುಟ್ಟ ಓವನ್ ಹೊತ್ತುಕೊಂಡು ಅವನು ಬಾಡಿಗೆ ಮನೆಗೆ ಬಂದಾಗ, ಜೊತೆಗಾರ ಶಫೀಕ್ ಬಾಗಿಲು ತೆರೆದವನು ಹಾಗೇ ನಿಂತ. ಶಫೀಕ್ ಉಳ್ಳಾಲದವನು, ಎ.ಸಿ. ಮೆಕ್ಯಾನಿಕ್, ಹಿರಿಯನೆಂಬ ಮರ್ಯಾದೆಗೆ ಪೊಡಿಯಬ್ಬನನ್ನು ಪೊಡಿಯಬ್ಬಾಕ ಎಂದು ಕರೆಯುವವನು.

ಬುಧವಾರದ ಮೊದಲ ಪ್ರಯತ್ನದಲ್ಲಿ ಹಣ್ಣಿನ ರಸ ತಟ್ಟೆಯಿಂದ ಉಕ್ಕಿ, ಓವನ್ನಿನ ತಳಕ್ಕೆ ಇಳಿದು, ಕಪ್ಪಗೆ ಕುದಿಯತೊಡಗಿತು. ಶಫೀಕ್ ಬಗ್ಗಿ ನೋಡಿದ.

"ಪೊಡಿಯಬ್ಬಾಕ, ನಿಜ ಹೇಳಿ. ಇದನ್ನು ರಿಫೈನರಿಯಿಂದ ತಂದದ್ದಲ್ವಾ?"

"ಕಾರ್ನ್‌ಫ್ಲೋರ್ ಹಾಕ್ಲಿಕ್ಕೆ ಮರೆತದ್ದು ಮಾರಾಯ."

"ಬೆಂಕಿ ದೂರ ಇಡಿ. ಇದು ಕ್ರೂಡ್ ಆಯಿಲೇ."

ಅಂದಿನಿಂದ ಪೊಡಿಯಬ್ಬನ ತಲೆಯಲ್ಲಿ ಬೇರೆ ವಿಷಯಕ್ಕೆ ಜಾಗ ಉಳಿಯಲಿಲ್ಲ. ಸಕ್ಕರೆ ಎಷ್ಟು, ನಿಂಬೆರಸ ಎಷ್ಟು, ಹಿಟ್ಟಿಗೆ ಬೆರೆಸುವ ಬೆಣ್ಣೆ ತಣ್ಣಗಿರಬೇಕೇ ಕರಗಿರಬೇಕೇ ಎಂದು ಅವನು ಕಚೇರಿಯಲ್ಲೂ ವೀಡಿಯೋ ನೋಡುತ್ತಿದ್ದ. ಗುರುವಾರ ಬೆಳಿಗ್ಗೆ, ಬೆಣ್ಣೆ ತಣ್ಣಗೇ ಇರಬೇಕೆಂದು ಒಬ್ಬ ಹೆಂಗಸು ಅಧಿಕಾರವಾಣಿಯಿಂದ ಹೇಳುತ್ತಿದ್ದಾಗಲೇ, ಆಡಳಿತ ವಿಭಾಗದ ಹನೀನ್ ಎಲ್ಲರ ಫೋನಿಗೂ ಎರಡು ಫಾರಂ ಕಳಿಸಿದಳು. ಹನೀನ್ ಅಲ್ಲೇ ಹತ್ತಿರದ ಕತೀಫ್‌ನ ಹುಡುಗಿ, ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ಒಂದು ಫಾರಂ ಇಕಾಮಾದಲ್ಲಿ, ಅಂದರೆ ಸೌದಿಯ ವಾಸದ ಪರವಾನಗಿಯಲ್ಲಿ, ನಮೂದಾದ ಹುದ್ದೆ ಸರಿಯಿದೆಯೇ ಎಂದು ತಾಳೆ ನೋಡಲು. ಇನ್ನೊಂದು ಫುಡ್ ಡೇಗೆ. ಎರಡರಲ್ಲೂ ಮೊದಲ ಪ್ರಶ್ನೆ ಒಂದೇ: ನೀವು ಏನು ಮಾಡುತ್ತೀರಿ?

ಪೊಡಿಯಬ್ಬ ವೀಡಿಯೋ ನಿಲ್ಲಿಸದೆ ಎರಡನ್ನೂ ಐದು ನಿಮಿಷದಲ್ಲಿ ತುಂಬಿಸಿ ಕಳಿಸಿದ.

ಭಾನುವಾರ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಕಾರಿ ಆ್ಯಪಿನಲ್ಲಿ ಅರಬಿಯಲ್ಲಿ ಒಂದು ಸಂದೇಶ ಬಂತು. ಅರಬಿ ಓದುವುದರಲ್ಲಿ ಪೊಡಿಯಬ್ಬನನ್ನು ಮೀರಿಸುವವರು ಆ ಕಚೇರಿಯ ಭಾರತೀಯರಲ್ಲಿ ಯಾರೂ ಇರಲಿಲ್ಲ. ಫರಂಗಿಪೇಟೆಯ ಮದರಸದಲ್ಲಿ ಏಳು ವರ್ಷ ಕಲಿತವನು. ಒಂದು ಅಕ್ಷರ ಜಾರದಂತೆ, ಎಳೆಯಬೇಕಾದಲ್ಲಿ ಎಳೆದು, ನಿಲ್ಲಬೇಕಾದಲ್ಲಿ ನಿಂತು ಓದಬಲ್ಲ. ಅರ್ಥ ಮಾತ್ರ ಆಗುವುದಿಲ್ಲ. ಅವನು ಸಂದೇಶವನ್ನು ರಾಗವಾಗಿ ಓದುತ್ತಾ ಹೋದ. ಕೊನೆಯಲ್ಲಿ ಒಂದು ಪದ ಬಂತು.

"ಇಸ್... ಕಾ...ಫೀ."

ಕಾಬ್ಲರಿಗೆ ಒಪ್ಪಿಗೆ ಬಂದಿದೆ, ಜೊತೆಗೆ ಕಾಫಿಯನ್ನೂ ಕೊಡುತ್ತಾರೆ ಎಂದು ಅವನು ತೀರ್ಮಾನಿಸಿದ. ಕೆಳಗೆ 'ಮುವಾಫಿಖ್' ಎಂಬ ಹಸಿರು ಗುಂಡಿ ಇತ್ತು. ಅದರ ಅರ್ಥ ಗೊತ್ತಿತ್ತು: ಒಪ್ಪಿದ್ದೇನೆ. ಒತ್ತಿದ. ಹತ್ತು ಹನ್ನೆರಡು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅವನು ಶಫೀಕ್‌ಗೆ ಫೋನು ತೋರಿಸಿದ. "ನೋಡು, ಸರಕಾರವೇ ಪರ್ಮಿಶನ್ ಕೊಟ್ಟದ್ದು. ಕಾಫಿಯೂ ಉಂಟು."

ಶಫೀಕ್‌ನ ಕೈಯಲ್ಲಿದ್ದ ಮೀನಿನ ತುಂಡು ತಟ್ಟೆಗೆ ಬಿತ್ತು.

"ಇದು ಕಾಫಿ ಅಲ್ಲ ಪೊಡಿಯಬ್ಬಾಕ. ಇಸ್ಕಾಫಿ. ನನ್ನ ವರ್ಕ್‌ಶಾಪಿನ ಪಕ್ಕದ ಗುಲ್ ಜಮಾನ್ ಇಲ್ವಾ, ಪಠಾಣ? ಅವನ ಅಂಗಡಿಯ ಬೋರ್ಡಿನಲ್ಲಿ ಇದೇ ಉಂಟು."

"ಅವನು ಕಾಫಿ ಮಾರುವುದಾ?"

"ಚಪ್ಪಲಿ ಹೊಲಿಯುವುದು!"

ಪೊಡಿಯಬ್ಬ ಕುಳಿತಲ್ಲೇ ಕುಳಿತ. ಗೋಡೆಯ ಎ.ಸಿ. ಒಂದೇ ಸಮನೆ ಗೊರಗುಟ್ಟುತ್ತಿತ್ತು. ಅವನು ನೆನೆಸಿಕೊಂಡದ್ದು ಫುಡ್ ಡೇಯನ್ನಲ್ಲ, ಹೆಂಡತಿಯನ್ನು. ಉಮ್ಮೆ ಕುಲ್ಸುಮ್‌ಳನ್ನು ಸೌದಿಗೆ ಕರೆತರಲು ಅವನು ನಾಲ್ಕು ವರ್ಷ ಕಾಗದ ಓಡಿಸಿದ್ದ. ಅಂತೂ ಅರ್ಜಿ ಮುಂದೆ ಹೋಗಿ, ಮುಂದಿನ ವಾರದ ಸೋಮವಾರ ಆಕೆ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕೆಂದು ದಿನ ಗೊತ್ತಾಗಿತ್ತು. ಅರ್ಜಿಯಲ್ಲಿ ಗಂಡನ ಹುದ್ದೆ ಮೇಲ್ವಿಚಾರಕ. ಇಕಾಮಾದಲ್ಲಿ ಈಗ ಇಸ್ಕಾಫಿ. ಒಂದಕ್ಕೊಂದು ತಾಳೆಯಾಗದಿದ್ದರೆ ಅರ್ಜಿ ಬುಡಸಮೇತ ವಾಪಸು.

ಎರಡೂವರೆಗೆ ಅವನು ಹನೀನ್‌ಳ ಮೇಜಿನ ಮುಂದಿದ್ದ. ಆಕೆ ಕಂಪ್ಯೂಟರಿನಲ್ಲಿ ನೋಡಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾ ಪೊಡಿಯಬ್ಬ! ಹುದ್ದೆಯ ಫಾರಂನಲ್ಲಿ ನೀವೇ ಬರೆದಿದ್ದೀರಿ. 'ಬ್ಲ್ಯಾಕ್‌ಬೆರಿ ಕಾಬ್ಲರ್. ಮನೆಯಲ್ಲೇ ಮಾಡುವುದು. ನಲವತ್ತು ಜನಕ್ಕೆ.' ಪಟ್ಟಿಯಲ್ಲಿ ಬ್ಲ್ಯಾಕ್‌ಬೆರಿ ಇರಲಿಲ್ಲ. ಕಾಬ್ಲರ್ ಇತ್ತು, ಇಂಗ್ಲಿಷಿನಲ್ಲಿ ಚಪ್ಪಲಿ ಹೊಲಿಯುವವನು. ಅದನ್ನೇ ಹಾಕಿದೆ."

"ನಿಮಗೆ ಸಂಶಯ ಬರಲಿಲ್ವಾ ಮೇಡಂ?"

"ಬಂತು. ಅದಕ್ಕೇ ನಿಮ್ಮ ಒಪ್ಪಿಗೆ ಕೇಳಿ ಕಳಿಸಿದೆ. ಒಂದೂ ಮುಕ್ಕಾಲು ನಿಮಿಷದಲ್ಲಿ ಒಪ್ಪಿದಿರಿ."

ತಿದ್ದಲು ಆಗದೇ ಎಂದರೆ, ಒಮ್ಮೆ ಬದಲಾದ ಹುದ್ದೆಯನ್ನು ತೊಂಬತ್ತು ದಿನ ಮುಟ್ಟಲು ಬರುವುದಿಲ್ಲ, ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಬಂದು ನೋಡಿ ತಪ್ಪಾಗಿದೆ ಎಂದು ಬರೆದರೆ ಮಾತ್ರ ಬೇರೆ ಮಾತು ಎಂದು ಅವಳು ಹೇಳಿದಳು. ಪೊಡಿಯಬ್ಬ ಹೊರಗೆ ಬಂದು ನೋಟಿಸ್ ಬೋರ್ಡಿನ ಮುಂದೆ ನಿಂತ. ಗುರುದತ್ ಫೋಟೋದಿಂದ ನಗುತ್ತಿದ್ದ.

ಆ ಸಂಜೆ ಶಫೀಕ್ ಒಂದು ಒಳ್ಳೆಯ ಕೆಲಸ ಮಾಡಿದ. ಊರ ಬ್ಯಾರಿ ಮುಸ್ಲಿಮರ ವಾಟ್ಸಪ್ ಗುಂಪಿನಲ್ಲಿ ಬರೆದ: ನಮ್ಮ ಪೊಡಿಯಬ್ಬಾಕನಿಗೆ ಬ್ಲ್ಯಾಕ್‌ಬೆರಿ ಕಾಬ್ಲರ್ ಅಂತ ಇಕಾಮಾದಲ್ಲಿ ಬಿದ್ದಿದೆ, ಎಲ್ಲರೂ ದುಆ ಮಾಡಿ. ಗುಂಪಿನಲ್ಲಿ ಇನ್ನೂರ ಹದಿನಾರು ಮಂದಿ ಇದ್ದರು. ಒಂಬತ್ತು ನಿಮಿಷದಲ್ಲಿ ಫರಂಗಿಪೇಟೆಯಿಂದ ಕರೆ ಬಂತು. ಅತ್ತೆ ಆಸ್ಯಮ್ಮ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅಳಿಯ ಆಕೆಗೆ ಪುದಿಯಾಪ್ಲೆಯೇ, ಅಂದರೆ ಹೊಸ ಮದುಮಗನೇ.

"ಪುದಿಯಾಪ್ಲೇ, ನೀವು ಚಪ್ಪಲಿ ಹೊಲಿಯುವುದಕ್ಕೆ ನನಗೆ ಎಂತ ಬೇಜಾರಿಲ್ಲ. ಹಲಾಲ್ ಕೆಲಸ. ಆದರೆ ಬ್ಲ್ಯಾಕ್ ಬ್ಯಾರಿ ಅಂತ ಹೆಸರಿಡ್ಲಿಕ್ಕೆ ಆ ಜನಕ್ಕೆ ಎಷ್ಟು ಧೈರ್ಯ? ನಮ್ಮ ಬ್ಯಾರಿಗಳಲ್ಲಿ ನಿಮ್ಮಿಂದ ಕಪ್ಪಿನವರು ಎಷ್ಟು ಮಂದಿ ಇಲ್ಲ?"

"ಅದು ಬ್ಯಾರಿ ಅಲ್ಲ ಉಮ್ಮ, ಬೆರಿ. ಹಣ್ಣು."

"ಹಣ್ಣು ಅಂತ ಬೇರೆ ಹೇಳ್ತಾರಾ?" ಆಸ್ಯಮ್ಮನ ಸ್ವರ ಏರಿತು. "ಬಣ್ಣ ಎಂತದ್ದಾದರೂ ಇರಲಿ, ಅಳಿಯನನ್ನು ಹಣ್ಣಿಗೆ ಹೋಲಿಸಿದ್ದನ್ನು ನಾನು ಸಹಿಸುವುದಿಲ್ಲ!"

ಫೋನು ಉಮ್ಮೆ ಕುಲ್ಸುಮ್‌ಳ ಕೈಗೆ ಹೋಯಿತು. ಆಕೆ ಕೂಗಾಡುವವಳಲ್ಲ. ಅದೇ ಹೆದರಿಕೆ.

"ಒಂದೇ ಮಾತು ಕೇಳ್ತೇನೆ. ನೀವು ಅದನ್ನು ಓದಿ ಒತ್ತಿದ್ದಾ, ಓದದೆ ಒತ್ತಿದ್ದಾ?"

"ಓದಿಯೇ ಒತ್ತಿದ್ದು. ತಜ್ವೀದ್ ಸಮೇತ, ಒಂದು ಉಚ್ಚಾರ ತಪ್ಪದೆ ಓದಿದ್ದೇನೆ."

ಆ ಕಡೆ ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು.

"ನಾಲ್ಕು ವರ್ಷದಿಂದ ಒಂದು ಸೂಟ್‌ಕೇಸ್ ಖಾಲಿ ಇಟ್ಟದ್ದುಂಟು. ನಿನ್ನೆ ಅದರ ಧೂಳು ಒರೆಸಿದ್ದೆ. ಸೋಮವಾರ ನಾನು ಹೋಗುವುದಾ ಬೇಡವಾ, ಅದನ್ನು ಹೇಳಿ," ಎಂದು ಆಕೆ ಫೋನಿಟ್ಟಳು.

ಸುದ್ದಿ ಕಟ್ಟಡಕ್ಕೆಲ್ಲ ಹಬ್ಬಿ, ಮರುದಿನದಿಂದ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಬೀಳತೊಡಗಿದವು. ಮೊದಲಿನದು ಕಟ್ಟಡದ ಕಾವಲುಗಾರನದು. ಎರಡನೆಯ ಮಹಡಿಯ ಸುಡಾನಿ ಮೇಷ್ಟ್ರದು ಒಂದು ಜೊತೆ ಬೂಟು. ಮೇಲಿನ ಮಹಡಿಯ ಫಿಲಿಪಿನೋ ನರ್ಸುಗಳದು ಹಿಮ್ಮಡಿ ಕಿತ್ತ ಏಳು ಚಪ್ಪಲಿ, ಜೊತೆಗೆ ಚೀಟಿ: ಅವಸರವಿಲ್ಲ, ಅಣ್ಣ. ಕಚೇರಿಯಲ್ಲಿ ಗುರುದತ್ ಕಾಲೆತ್ತಿ ತೋರಿಸಿದ.

"ನೋಡಿ ಸಾರ್, ಅಟ್ಟೆ ಸ್ವಲ್ಪ ಬಾಯ್ಬಿಟ್ಟಿದೆ. ನಿಮ್ಮ ಹೊಸಾ ಪೋಸ್ಟಿಗೆ ನಾನೇ ಬೋಣಿ ಮಾಡೋಣ ಅಂತ."

"ಬಾಯಿ ಬಿಟ್ಟದ್ದು ಅಟ್ಟೆ ಒಂದೇ ಅಲ್ಲ," ಎಂದ ಪೊಡಿಯಬ್ಬ. ಆ ವಾರ ಅವನು ಗೆದ್ದದ್ದು ಅದೊಂದೇ ಮಾತಿನಲ್ಲಿ.

ಮಂಗಳವಾರ ನಿಜವಾದ ಸಿಡಿಲು ಬಡಿಯಿತು. ಬೋಲ್ಟಿನ ಕಂಪನಿಯೊಂದು ಏಕಾಏಕಿ ಚಪ್ಪಲಿ ಹೊಲಿಯುವವನನ್ನು ಇಟ್ಟುಕೊಂಡದ್ದು ಇಲಾಖೆಯ ಕಂಪ್ಯೂಟರಿಗೆ ವಿಚಿತ್ರವಾಗಿ ಕಂಡಿತ್ತು. ಗುರುವಾರ ಹನ್ನೊಂದಕ್ಕೆ ತನಿಖಾಧಿಕಾರಿ ಬರುತ್ತಾರೆಂದು ಪತ್ರ ಬಂತು. ಈಜಿಪ್ಟಿನವನಾದ ಮುದೀರ್, ಅಂದರೆ ಆಡಳಿತದ ಮುಖ್ಯಸ್ಥ, ಪೊಡಿಯಬ್ಬನನ್ನು ಕರೆಸಿ ಕೋಣೆಯ ಬಾಗಿಲು ಹಾಕಿದ.

"ಇಕಾಮಾದಲ್ಲಿ ಒಂದು ಕೆಲಸ, ಕೈಯಲ್ಲಿ ಇನ್ನೊಂದು ಕೆಲಸ ಇದ್ದರೆ ಕಂಪನಿಗೆ ದಂಡ. ಆದ್ದರಿಂದ ಗುರುವಾರ ನೀನು ಹೊಲಿಯುತ್ತಿರಬೇಕು."

"ಎಂತದ್ದನ್ನು ಸಾರ್?"

"ಉಗ್ರಾಣದಲ್ಲಿ ಹಳೆ ಸೇಫ್ಟಿ ಶೂ ಮುನ್ನೂರು ಜೊತೆ ಇವೆ. ಅದನ್ನು ಬರೆದಿಟ್ಟವನೇ ನೀನು."

"ಅವರು ನನ್ನನ್ನು ಇಸ್ಕಾಫಿ ಅಂತ ನಂಬಿಬಿಟ್ಟರೆ ನನ್ನ ಹೆಂಡತಿಯ ವೀಸಾ ಹೋಗ್ತದೆ ಸಾರ್."

"ನಂಬದಿದ್ದರೆ ನನ್ನ ಕೆಲಸ ಹೋಗುತ್ತದೆ. ಯಲ್ಲಾ, ಹೊರಡು."

ಅಂದೇ ಸಂಜೆ ಶಫೀಕ್ ಅವನನ್ನು ಗುಲ್ ಜಮಾನ್‌ನ ಅಂಗಡಿಗೆ ಕರೆದೊಯ್ದ. ಗಡ್ಡಕ್ಕೆ ಮದರಂಗಿ ಹಚ್ಚಿದ ಆ ಮುದುಕ ಕಥೆಯನ್ನೆಲ್ಲ ಕೇಳಿ, ಸೂಜಿ ಕೆಳಗಿಟ್ಟು, ಪೊಡಿಯಬ್ಬನ ಇಕಾಮಾವನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಕಣ್ಣು ಒದ್ದೆಯಾಯಿತು.

"ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದೇನೆ ಭಾಯಿ. ನನ್ನ ಇಕಾಮಾದಲ್ಲಿ ಇವತ್ತಿಗೂ ರೈತ ಎಂದಿದೆ. ಅಲ್ ಖರ್ಜ್‌ನ ಕಫೀಲ್, ನನಗೆ ವೀಸಾ ಕೊಟ್ಟ ಧಣಿ, ಹಾಗೆ ಬರೆಸಿದ್ದು. ಇಸ್ಕಾಫಿ ಎಂದು ಬರೆಸಲು ಹನ್ನೊಂದು ಸಲ ಅರ್ಜಿ ಹಾಕಿದೆ. ನಿನಗೆ ಒಂದು ಬೆರಳಲ್ಲಿ ಸಿಕ್ಕಿತೇ?"

ಪೊಡಿಯಬ್ಬ ಇಕಾಮಾವನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡ. ಗುಲ್ ಜಮಾನ್ ಎರಡು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿ ಕಲಿಸಿದ. ಕೊನೆಗೆ ಅವನು ಕೊಟ್ಟ ಪ್ರಮಾಣಪತ್ರ ಇದು: "ಹೊಲಿಗೆ ಹಿಡಿಯುತ್ತದೆ. ಯಾವುದನ್ನು ಯಾವುದಕ್ಕೆ ಹೊಲಿಯುತ್ತಿದ್ದೀಯ ಎಂದು ಮಾತ್ರ ನೋಡಿಕೋ."

ಗುರುವಾರ ಬಂತು. ಫುಡ್ ಡೇಯೂ ಅಂದೇ. ಕಾಬ್ಲರನ್ನು ಬಿಸಿಯಾಗಿಯೇ ಬಡಿಸಬೇಕೆಂದು ವೀಡಿಯೋದ ಹೆಂಗಸು ಹೇಳಿದ್ದರಿಂದ ಪೊಡಿಯಬ್ಬ ಓವನ್ನನ್ನು ಕಚೇರಿಯ ಅಡುಗೆ ಕೋಣೆಗೆ ತಂದಿದ್ದ. ಇದು ಅವನ ಐದನೆಯ ಕಾಬ್ಲರ್. ಹಣ್ಣಿಗೆ ಸಕ್ಕರೆ, ನಿಂಬೆರಸ, ಮರೆಯದೆ ಕಾರ್ನ್‌ಫ್ಲೋರ್. ಮೇಲೆ ತಣ್ಣನೆ ಬೆಣ್ಣೆ ಉದುರಿಸಿ ಕಲಸಿದ ಹಿಟ್ಟು, ಚಮಚ ಚಮಚವಾಗಿ. ಹತ್ತೂ ನಲವತ್ತಕ್ಕೆ ಒಳಗಿಟ್ಟು, ನಲವತ್ತು ನಿಮಿಷಕ್ಕೆ ಗಂಟೆ ತಿರುಗಿಸಿ, ಉಗ್ರಾಣಕ್ಕೆ ಓಡಿ, ಬೂಟುಗಳ ಗುಡ್ಡೆಯ ನಡುವೆ ಗಿಡ್ಡ ಮಣೆಯ ಮೇಲೆ ಕುಳಿತ.

ತನಿಖಾಧಿಕಾರಿ ಹನ್ನೊಂದಕ್ಕೆ ಸರಿಯಾಗಿ ಬಂದ. ಬಿಳಿ ತೋಬು ನಿಲುವಂಗಿ, ಗರಿಗರಿ ತಲೆವಸ್ತ್ರ, ಕೈಯಲ್ಲಿ ಟ್ಯಾಬ್ಲೆಟ್. ಹಿಂದೆ ಮುದೀರ್ ಬೆವರುತ್ತಿದ್ದ. ಹನೀನ್ ಭಾಷಾಂತರಕ್ಕೆ ನಿಂತಿದ್ದಳು.

"ಇವನೇ ಇಸ್ಕಾಫಿಯೋ?"

"ಇವನೇ," ಎಂದ ಮುದೀರ್. "ಬಹಳ ನುರಿತವನು."

"ಎಷ್ಟು ವರ್ಷದಿಂದ ಈ ಕೆಲಸ?"

ಪೊಡಿಯಬ್ಬ ಮುದೀರನ ಮುಖ ನೋಡಿದ. ಖಾಲಿ ಸೂಟ್‌ಕೇಸ್ ನೆನಪಾಯಿತು. "ನಾಲ್ಕು ದಿನದಿಂದ," ಎಂದ.

ಹನೀನ್ ಅದನ್ನು ಭಾಷಾಂತರಿಸುವ ಮೊದಲು ಮೂರು ಸಲ ಕೆಮ್ಮಿದಳು. ಅಧಿಕಾರಿ ತನ್ನ ಬಲಗಾಲಿನ ಚಪ್ಪಲಿಯನ್ನು ಕಳಚಿ ಪೊಡಿಯಬ್ಬನ ಮುಂದೆ ಹಿಡಿದ. ಒಳ್ಳೆಯ ಚರ್ಮದ ಚಪ್ಪಲಿ. ಪಟ್ಟಿಯ ಅಂಚಿನಲ್ಲಿ ಹೊಲಿಗೆ ಸ್ವಲ್ಪ ಬಿಚ್ಚಿತ್ತು.

"ಹೊಲಿ. ನೋಡೋಣ."

ಪೊಡಿಯಬ್ಬ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ದಬ್ಬಳಕ್ಕೆ ಮೇಣದ ದಾರ ಪೋಣಿಸಿದ. ಗುಲ್ ಜಮಾನ್ ಕಲಿಸಿದಂತೆ ಚುಚ್ಚಿದ, ಎಳೆದ, ಚುಚ್ಚಿದ, ಎಳೆದ. ಎಂಟು ಹೊಲಿಗೆ, ಎಂಟೂ ಬಿಗಿ. ಗಂಟು ಹಾಕಿದ. ಮುದೀರನ ಮುಖದಲ್ಲಿ ಮೊದಲ ಬಾರಿಗೆ ಬಣ್ಣ ಬಂತು. ಆ ಕ್ಷಣಕ್ಕೆ ಸರಿಯಾಗಿ ಅಡುಗೆ ಕೋಣೆಯಿಂದ ಓವನ್ನಿನ ಗಂಟೆ ಕಿಣಿಕಿಣಿ ಎಂದಿತು.

"ಯಾ ಅಲ್ಲಾಹ್, ತಳ ಹಿಡೀತದೆ!" ಎಂದು ಪೊಡಿಯಬ್ಬ ಎದ್ದು ಓಡಿದ. ಅಧಿಕಾರಿಯ ಚಪ್ಪಲಿಯೂ ಅವನೊಡನೆ ಓಡಿತು. ಎಂಟು ಹೊಲಿಗೆಗಳೂ ಅವನ ಪ್ಯಾಂಟಿನ ತೊಡೆಯನ್ನು ಸೇರಿಸಿಕೊಂಡೇ ಬಿದ್ದಿದ್ದವು.

ಸೌದಿ ಸರಕಾರದ ಒಬ್ಬ ಅಧಿಕಾರಿ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು ಎಂಬ ಸ್ಥಿತಿಯಲ್ಲಿ ಬೋಲ್ಟುಗಳ ಕಪಾಟಿನ ನಡುವೆ ಕುಂಟುತ್ತಾ ಓಡಿದ್ದನ್ನು ಉಗ್ರಾಣದ ಒಂಬತ್ತು ಜನ ನೋಡಿದರು. ನಗಲು ಒಬ್ಬನಿಗೂ ಧೈರ್ಯವಾಗಲಿಲ್ಲ.

ಸಭಾಂಗಣದ ಉದ್ದ ಮೇಜಿನ ಮೇಲೆ ತಿನಿಸುಗಳು ಸಾಲಾಗಿ ಕುಳಿತಿದ್ದವು. ಪ್ರತಿಯೊಂದರ ಮುಂದೆಯೂ ಹನೀನ್ ಫಾರಂ ನೋಡಿ ಅರಬಿ, ಇಂಗ್ಲಿಷ್ ಎರಡರಲ್ಲೂ ಅಚ್ಚುಹಾಕಿಸಿದ ಚೀಟಿ. ಪೊಡಿಯಬ್ಬನ ಜಾಗ ಖಾಲಿ ಇತ್ತು, ಚೀಟಿ ಮಾತ್ರ ಇತ್ತು. ಗುರುದತ್ ಸೇರಿದಂತೆ ಏಳೆಂಟು ಮಂದಿ ಅದನ್ನು ಬಗ್ಗಿ ಓದುತ್ತಾ ಪಿಸುಗುಟ್ಟುತ್ತಿದ್ದರು. ಪೊಡಿಯಬ್ಬ ಕುದಿಯುವ ತಟ್ಟೆಯನ್ನು ತಂದು ಅಲ್ಲಿ ಇಟ್ಟ. ಕಡುನೇರಳೆ ರಸದ ಮೇಲೆ ಹೊಂಬಣ್ಣದ ಉಂಡೆಗಳು, ಅಂಗಳಕ್ಕೆ ಕಲ್ಲು ಹಾಸಿದಂತೆ. ತೊಡೆಯಲ್ಲಿ ಚಪ್ಪಲಿ ನೇತಾಡುತ್ತಿತ್ತು.

ಏದುಸಿರು ಬಿಡುತ್ತಾ ಬಂದ ಅಧಿಕಾರಿ ಚೀಟಿಯನ್ನು ಗಟ್ಟಿಯಾಗಿ ಓದಿದ.

"ಪೊಡಿಯಬ್ಬ. ಉಗ್ರಾಣದ ಮೇಲ್ವಿಚಾರಕ. ಹನ್ನೊಂದು ವರ್ಷದ ಅನುಭವ. ಇದರಲ್ಲಿ ಬೋಲ್ಟ್, ನಟ್ಸ್, ಗ್ಯಾಸ್ಕೆಟ್ ಇರುತ್ತವೆ."

ಕೆಳಗೆ ಹನೀನ್ ಜವಾಬ್ದಾರಿಯಿಂದ ಕೆಂಪು ಚೀಟಿಯನ್ನೂ ಅಂಟಿಸಿದ್ದಳು: ನಟ್ಸ್ ಅಲರ್ಜಿ ಇರುವವರು ತಿನ್ನಬಾರದು.

ಅಧಿಕಾರಿ ಚೀಟಿಯನ್ನು ನೋಡಿದ, ತಟ್ಟೆಯನ್ನು ನೋಡಿದ, ಪೊಡಿಯಬ್ಬನ ತೊಡೆಯನ್ನು ನೋಡಿದ.

"ಮೇಲ್ವಿಚಾರಕ ತಟ್ಟೆಯಲ್ಲಿದ್ದಾನೆ. ಹಾಗಾದರೆ ಇಸ್ಕಾಫಿ ಯಾರು?"

ಮುದೀರ್ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದ. ಪೊಡಿಯಬ್ಬ ಬೆರಳೆತ್ತಿ ತಟ್ಟೆಯನ್ನು ತೋರಿಸಿದ.

"ಇದೇ ಸಾರ್ ಇಸ್ಕಾಫಿ. ಮೇಲ್ವಿಚಾರಕ ನಾನು. ಎರಡು ಫಾರಂ ಒಟ್ಟಿಗೆ ಬಂತು, ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಬರೆದುಬಿಟ್ಟೆ. ಸೋಮವಾರ ನನ್ನ ಹೆಂಡತಿಗೆ ವೀಸಾ ಉಂಟು."

ಹನೀನ್ ಕಿರುಚಿದಳು. ಫೋನು ತೆರೆದು ಎರಡೂ ಫಾರಂಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದಳು. ಅಧಿಕಾರಿ ಬಹಳ ನಿಧಾನವಾಗಿ ಓದಿದ. ಆಮೇಲೆ ಚಮಚ ಕೇಳಿದ. ಹೊಂಬಣ್ಣದ ಒಂದು ಉಂಡೆಯನ್ನು ರಸದೊಡನೆ ಎತ್ತಿ ಬಾಯಿಗಿಟ್ಟ. ನಲವತ್ತು ಜನ ಅವನ ದವಡೆಯನ್ನೇ ನೋಡುತ್ತಿದ್ದರು.

"ಈ ಇಸ್ಕಾಫಿ ಬಹಳ ಚೆನ್ನಾಗಿದ್ದಾನೆ," ಎಂದ. "ಆ ಇಸ್ಕಾಫಿ ನನ್ನ ಚಪ್ಪಲಿ ಹಾಳುಮಾಡಿದ್ದಾನೆ."

ಕತ್ತರಿ ತರಿಸಲಾಯಿತು. ಚಪ್ಪಲಿ ಅಧಿಕಾರಿಯ ಕಾಲಿಗೆ ಮರಳಿತು, ಪ್ಯಾಂಟಿನ ಅಂಗೈಯಗಲದ ತುಂಡೂ ಅದರ ಜೊತೆಗೇ ಹೋಯಿತು. ಅವನು ಅಲ್ಲೇ ನಿಂತು ವರದಿ ಬರೆದ. ಹನೀನ್ ನಂತರ ಅದನ್ನು ಭಾಷಾಂತರಿಸಿ ಹೇಳಿದ್ದು ಹೀಗೆ: ಸಂಸ್ಥೆಯಲ್ಲಿದ್ದ ಏಕೈಕ ಇಸ್ಕಾಫಿಯನ್ನು ಪರಿಶೀಲಿಸಲಾಯಿತು. ಅದನ್ನು ಹಾಜರಿದ್ದವರು ತಿಂದು ಮುಗಿಸಿದ್ದಾರೆ. ಹುದ್ದೆ ಖಾಲಿಯಿಲ್ಲ, ಇರಲೂ ಇಲ್ಲ. ದಾಖಲೆ ತಿದ್ದತಕ್ಕದ್ದು.

ತೀರ್ಪುಗಾರರು ಬರುವ ಹೊತ್ತಿಗೆ ಪೊಡಿಯಬ್ಬನ ತಟ್ಟೆಯಲ್ಲಿ ನೇರಳೆ ಕಲೆಯಷ್ಟೇ ಉಳಿದಿತ್ತು. ಮೊದಲ ಬಹುಮಾನ ಗುರುದತ್‌ನ ಚೀಸ್‌ಕೇಕಿಗೆ ಹೋಯಿತು. ಹೊಸ ಫೋಟೋ ಹಳೆಯದಕ್ಕಿಂತ ದೊಡ್ಡದು.

ಇಕಾಮಾ ಭಾನುವಾರ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಸರಿಹೋಯಿತು. ಒಪ್ಪಿಗೆಯ ಸಂದೇಶವನ್ನು ಈ ಸಲ ಹನೀನ್, ಶಫೀಕ್ ಮತ್ತು ಗುಲ್ ಜಮಾನ್ ಮೂವರೂ ಓದಿದ ಮೇಲೆ ಪೊಡಿಯಬ್ಬ ಗುಂಡಿ ಒತ್ತಿದ. ಸೋಮವಾರ ಉಮ್ಮೆ ಕುಲ್ಸುಮ್ ಬೆರಳಚ್ಚು ಕೊಟ್ಟಳು.

ಅದಾಗಿ ಇಪ್ಪತ್ತಾರನೆಯ ದಿನ ಆಕೆ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಇಳಿದಳು. ಸೂ‌ಟ್‌ಕೇಸಿನ ಮೇಲ್ಭಾಗದಲ್ಲಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ, ಆಸ್ಯಮ್ಮನ ಒಂದು ಜೊತೆ ಚಪ್ಪಲಿ ಇತ್ತು. ಎಡಗಾಲಿನದರ ಬಾರು ಕಿತ್ತಿತ್ತು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಪೊಡಿಯಬ್ಬ ಅದನ್ನು ಹೊಲಿದ.